ಅರ್ಧ ಮನೆಗೆ ಚುಚ್ಚುಮದ್ದು

ಪುಣೆಯ ಪ್ಲೇಗ್ ಎಂದೊಡನೆ ನಮಗೆ ನೆನಪಾಗುವುದು ರ‍್ಯಾಂಡ್‌ನ ಹತ್ಯೆ. 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ಹಾರಿಸಿದ ಗುಂಡು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಅದೇ ಪ್ಲೇಗಿನ ಕಾಲದಲ್ಲಿ ಖಡಕಿಯ ದಂಡುಪ್ರದೇಶದಲ್ಲಿ ನಡೆದ ಮತ್ತೊಂದು ಸಂಗತಿ ಮಾತ್ರ ವೈದ್ಯಕೀಯ ವರದಿಗಳ ಅಂಕಿಗಳಲ್ಲೇ ಉಳಿದುಹೋಗಿದೆ. ಒಂದು ಮದ್ದು ನಿಜಕ್ಕೂ ಜೀವ ಉಳಿಸುತ್ತದೆಯೆಂದು ತಿಳಿಯುವುದು ಹೇಗೆ, ಹಾಗೆ ತಿಳಿಯಲು ಯಾರು ಯಾವ ಬೆಲೆ ತೆರಬೇಕು ಎಂಬ ಪ್ರಶ್ನೆಗೆ ನಮ್ಮ ನೆಲದಲ್ಲಿ ದೊರೆತ ಮೊದಮೊದಲ ಉತ್ತರಗಳಲ್ಲಿ ಅದೂ ಒಂದು.

ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡ. ತಿಂಗಳು ಮುಗಿಯುವ ಹೊತ್ತಿಗೆ ಬೈಕಲಾ ಸೆರೆಮನೆಯಲ್ಲಿ ರೋಗ ಕಾಣಿಸಿಕೊಂಡಾಗ ಮುಂದೆ ಬಂದ ಕೈದಿಗಳಿಗೆ ಅದನ್ನು ಕೊಡಲಾಯಿತು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಅಂದು ಯಾರನ್ನೂ ಹೆಚ್ಚು ಕಾಡಿದಂತಿಲ್ಲ.

ಖಡಕಿಯಲ್ಲಿ ಫಿರಂಗಿದಳದ ದೇಶೀ ಸೇವಕರು ಮತ್ತು ಅವರ ಕುಟುಂಬದವರು ಸೇರಿ 1,530 ಜನರಿದ್ದರು. ಅವರಲ್ಲಿ 671 ಮಂದಿ ಚುಚ್ಚಿಸಿಕೊಂಡರು, 859 ಮಂದಿ ಚುಚ್ಚಿಸಿಕೊಳ್ಳಲಿಲ್ಲ. ಚುಚ್ಚಿಸಿಕೊಳ್ಳದವರಲ್ಲಿ 143 ಜನರಿಗೆ ಪ್ಲೇಗ್ ತಗುಲಿ 98 ಮಂದಿ ಸತ್ತರು; ಚುಚ್ಚಿಸಿಕೊಂಡವರಲ್ಲಿ 32 ಜನರಿಗೆ ತಗುಲಿ 17 ಮಂದಿ ಸತ್ತರು. ಅಂದರೆ ಒಂದು ಗುಂಪಿನಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಸಾವು, ಇನ್ನೊಂದರಲ್ಲಿ ಎರಡೂವರೆ.

ಲೆಕ್ಕ ನಿಚ್ಚಳವಾಗಿಯೇ ಇದೆ. ಆದರೂ ಸಂಶಯಕ್ಕೆ ಎಡೆಯಿದೆ. ತಾನಾಗಿ ತೋಳು ಮುಂದೊಡ್ಡಿದವನು ಮೊದಲೇ ಗಟ್ಟಿಮುಟ್ಟಾಗಿದ್ದನೇ? ಇಲಿ ಬಿದ್ದ ಮನೆಯನ್ನು ಬೇಗ ತೊರೆಯುವಷ್ಟು ಎಚ್ಚರದವನೇ? ಹಾಗಿದ್ದರೆ ಅವನನ್ನು ಉಳಿಸಿದ್ದು ಮದ್ದೋ, ಅವನ ಸ್ವಭಾವವೋ? ಆಯ್ಕೆಯನ್ನು ಜನರ ಇಚ್ಛೆಗೆ ಬಿಟ್ಟಾಗ ಎರಡು ಗುಂಪುಗಳು ಆರಂಭದಲ್ಲೇ ಬೇರೆಬೇರೆಯಾಗಿರುತ್ತವೆ.

ಈ ತೊಡಕು ನಮ್ಮ ಹುಬ್ಬಳ್ಳಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1898ರ ಪ್ಲೇಗಿನಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ ಊರಿನ ಬಹುಪಾಲು ಜನ ಚುಚ್ಚಿಸಿಕೊಂಡರು. ವಾರದಿಂದ ವಾರಕ್ಕೆ ಚುಚ್ಚಿಸಿಕೊಳ್ಳದವರ ಸಂಖ್ಯೆ ಕರಗುತ್ತ ಹೋಯಿತು, ಅವರ ಸಾವಿನ ಪ್ರಮಾಣ ಮಾತ್ರ ಏರುತ್ತ ಹೋಯಿತು. ಕೊನೆಗೆ ಉಳಿದ ಆ ಕೆಲವರು ಊರಿನ ಉಳಿದವರಂತೆಯೇ ಇದ್ದರೆಂದು ಹೇಳುವುದು ಹೇಗೆ? ಮುಂದೆ ಭಾರತೀಯ ಪ್ಲೇಗ್ ಆಯೋಗವು ಇಂಥ ಅಂಕಿಗಳನ್ನು ಕಟುವಾಗಿ ಪರೀಕ್ಷಿಸಿತು. ಲಸಿಕೆಯಿಂದ ರೋಗ ತಗ್ಗುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಂಡಿತು.

ಹಾಫ್‌ಕಿನ್‌ನಿಗೆ ಈ ತೊಡಕು ತಿಳಿದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಅವನು ಬೇರೆ ದಾರಿ ಹಿಡಿದ. ಮನೆಮನೆಯ ಮುಂದೆ ಕುಟುಂಬದವರನ್ನು ಕರೆದು, ಪ್ರತಿ ಕುಟುಂಬದ ಸುಮಾರು ಅರ್ಧ ಜನರಿಗೆ ಮಾತ್ರ ಚುಚ್ಚಲಾಯಿತು. ಒಂದೇ ಸೂರು, ಒಂದೇ ಅನ್ನ, ಒಂದೇ ಇಲಿಬಿಲ. ಇನ್ನು ವ್ಯತ್ಯಾಸವೇನಾದರೂ ಕಂಡರೆ ಅದು ಮದ್ದಿನದೇ ಆಗಿರಬೇಕು. ಚುಚ್ಚಿಸಿಕೊಂಡ 513 ಜನರಲ್ಲಿ 8 ಮಂದಿಗೆ ರೋಗ, 3 ಸಾವು. ಚುಚ್ಚದೆ ಬಿಟ್ಟ 437 ಜನರಲ್ಲಿ 27 ಮಂದಿಗೆ ರೋಗ, 26 ಸಾವು.

ವಿಧಾನವಾಗಿ ನೋಡಿದರೆ ಇದು ಖಡಕಿಗಿಂತ ಬಹಳ ಮುಂದಿನ ಹೆಜ್ಜೆ. ನೀತಿಯಾಗಿ ನೋಡಿದರೆ ಮನಸ್ಸು ಮುದುಡುತ್ತದೆ. ಬೈಕಲಾದ ಅನುಭವವಾಗಿ ಒಂದು ವರ್ಷ ಕಳೆದಿತ್ತು. ತನ್ನ ಲಸಿಕೆ ಫಲ ಕೊಡುತ್ತದೆಂದು ಹಾಫ್‌ಕಿನ್ ನಂಬಿದ್ದ. ನಂಬಿದ್ದೂ ಅರ್ಧ ಮನೆಯನ್ನು ಬರಿಗೈಯಲ್ಲಿ ಬಿಟ್ಟ. ಲೋಕ ಇನ್ನೂ ನಂಬಿರಲಿಲ್ಲ, ಲೋಕವನ್ನು ನಂಬಿಸದೆ ಲಕ್ಷಾಂತರ ಜನರನ್ನು ಉಳಿಸುವಂತಿರಲಿಲ್ಲ ಎಂಬುದು ಅವನ ಪರವಾದ ವಾದ. ಆದರೆ ಆ 437 ಜನರಿಗೆ ಈ ವಾದವನ್ನು ವಿವರಿಸಿ, ಅವರ ಒಪ್ಪಿಗೆ ಪಡೆಯುವ ಕಟ್ಟುಪಾಡು ಆ ಕಾಲದಲ್ಲಿ ಇರಲಿಲ್ಲ.

ಅರ್ಧ ಶತಮಾನದ ಬಳಿಕ ಬ್ರಿಟನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಕ್ಷಯರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಡುವ ಪ್ರಯೋಗವನ್ನು ರೂಪಿಸಿದಾಗ ಆಯ್ಕೆಯನ್ನು ವೈದ್ಯನ ಕೈಯಿಂದಲೂ ರೋಗಿಯ ಕೈಯಿಂದಲೂ ತೆಗೆದು, ಮುಚ್ಚಿದ ಲಕೋಟೆಯೊಳಗಿನ ಯಾದೃಚ್ಛಿಕ ಸಂಖ್ಯೆಗೆ ಒಪ್ಪಿಸಿದ. ಅದರ ಫಲಿತಾಂಶ ಹೊರಬಂದದ್ದು 1948ರಲ್ಲಿ. ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲವಾದ್ದರಿಂದ ಚೀಟಿ ಎತ್ತುವುದೇ ನ್ಯಾಯವೂ ಆಗಿತ್ತು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಪ್ರಯೋಗದಲ್ಲಿ 193 ಕ್ಷಯರೋಗಿಗಳನ್ನು ಇದೇ ಬಗೆಯಲ್ಲಿ ಮನೆ ಮತ್ತು ಆರೋಗ್ಯಧಾಮಗಳ ನಡುವೆ ಹಂಚಲಾಯಿತು. ಔಷಧ ಎರಡೂ ಗುಂಪಿಗೆ ದೊರೆಯಿತು. ಯಾವ ಜಾಗ ಮೇಲೆಂಬುದು ನಿಜಕ್ಕೂ ಯಾರಿಗೂ ತಿಳಿದಿರಲಿಲ್ಲ. ಮನೆಯ ಚಿಕಿತ್ಸೆಯೂ ಹೆಚ್ಚುಕಡಿಮೆ ಸರಿಸಮವೆಂದು ತಿಳಿದುಬಂದಾಗ ಬಡದೇಶಗಳ ಕ್ಷಯ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಉಂಧೇರಾದಲ್ಲಿ ಇಲ್ಲದ ಪ್ರಾಮಾಣಿಕ ಸಂದೇಹ ಇಲ್ಲಿತ್ತು.

ಪ್ರಶ್ನೆ ಮುಗಿದಿಲ್ಲ, ನಮ್ಮ ಪುಣೆಯನ್ನು ಬಿಟ್ಟೂ ಹೋಗಿಲ್ಲ. ಶಿಶುಗಳ ಮಾರಕ ಭೇದಿಯನ್ನು ತಡೆಯುವ ರೋಟಾವ್ಯಾಕ್ ಲಸಿಕೆಯ ಅಂತಿಮ ಹಂತದ ಪರೀಕ್ಷೆ 2011ರಲ್ಲಿ ದೆಹಲಿ, ವೆಲ್ಲೂರು ಮತ್ತು ಪುಣೆ ಬಳಿಯ ವಢೂ ಪ್ರದೇಶಗಳಲ್ಲಿ ಆರಂಭವಾಯಿತು. ಒಟ್ಟು 6,799 ಶಿಶುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಲಸಿಕೆ, ಒಂದು ಪಾಲಿಗೆ ಮದ್ದಿಲ್ಲದ ಹನಿ. ವಿದೇಶಿ ಲಸಿಕೆಗಳು ಮಾರುಕಟ್ಟೆಯಲ್ಲಿರುವಾಗ ಬರಿಯ ಹನಿ ಕೊಡುವುದು ಸರಿಯೇ ಎಂದು ವಿಮರ್ಶಕರು ಕೇಳಿದರು. ಅವು ದುಬಾರಿ, ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲೂ ಇಲ್ಲ ಎಂಬುದು ಎದುರುವಾದ. ತೀವ್ರ ರೋಟಾವೈರಸ್ ಭೇದಿಯನ್ನು ಲಸಿಕೆ ಮೊದಲ ವರ್ಷದಲ್ಲಿ ಶೇ. 56ರಷ್ಟು ತಗ್ಗಿಸಿತು, 2016ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರಿತು. ಉಂಧೇರಾಗೂ ವಢೂಗೂ ಇರುವ ದೊಡ್ಡ ಅಂತರವೆಂದರೆ ತಾಯ್ತಂದೆಯರ ಲಿಖಿತ ಒಪ್ಪಿಗೆ ಮತ್ತು ನೀತಿ ಸಮಿತಿ. ಆದರೆ ಬಡತನದಿಂದಾಗಿ ದಕ್ಕದ ಮದ್ದನ್ನು ಇಲ್ಲದ ಮದ್ದೆಂದೇ ಎಣಿಸಬಹುದೇ ಎಂಬ ಪ್ರಶ್ನೆಗೆ ಯಾವ ಸಹಿಯೂ ಉತ್ತರವಾಗಲಾರದು.

ಚೀಟಿ ಎತ್ತುವುದರಲ್ಲಿ ಕ್ರೌರ್ಯವಿಲ್ಲ; ಏನೂ ತಿಳಿಯದಿರುವಾಗ ಅದಕ್ಕಿಂತ ನಿಷ್ಪಕ್ಷಪಾತವಾದ ದಾರಿಯಿಲ್ಲ. ತಿಳಿದ ಮೇಲೂ ಎತ್ತುತ್ತಲೇ ಇರುವುದು ಅನ್ಯಾಯ. ಈ ಎರಡರ ನಡುವಿನ ಗೆರೆಯನ್ನು ಪ್ರತಿ ಪ್ರಯೋಗದಲ್ಲೂ ಹೊಸದಾಗಿ ಎಳೆಯಬೇಕಾಗುತ್ತದೆ. ಇಂದು ನಾವು ನಿಶ್ಚಿಂತೆಯಿಂದ ಚುಚ್ಚಿಸಿಕೊಳ್ಳುವ ಪ್ರತಿ ಲಸಿಕೆಯ ಹಿಂದೆ ಅದನ್ನು ಪಡೆಯದೆ ಉಳಿದ ಒಂದು ಗುಂಪಿದೆ. ಖಡಕಿಯ 98 ಜನರ, ಉಂಧೇರಾದ 26 ಜನರ ಹೆಸರು ವರದಿಗಳಲ್ಲಿಲ್ಲ. ಲಸಿಕೆ ಕಂಡುಹಿಡಿದವನಿಗೆ ಸಲ್ಲುವ ಕೃತಜ್ಞತೆಯಲ್ಲಿ ಅವರಿಗೂ ಪಾಲಿದೆ.