ಕಿವಿಗೂ ಬೇಕು ಇಂಗ್ಲಿಷ್ ಪಾಠ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ದಕ್ಷಿಣ ಬೆಂಗಳೂರಿನ ಪದವಿಪೂರ್ವ ಕಾಲೇಜುಗಳಲ್ಲಿ ಒಂದು ದೃಶ್ಯ ತಪ್ಪದೆ ಮರುಕಳಿಸುತ್ತದೆ. ಜಯನಗರವಿರಲಿ, ಬನಶಂಕರಿಯಿರಲಿ, ಪ್ರಥಮ ಪಿಯುಸಿ ವಿಜ್ಞಾನದ ತರಗತಿಯಲ್ಲಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾನೆ. ಇಂಗ್ಲಿಷ್ ವಿಷಯದಲ್ಲಿ ಅವನಿಗೆ ಒಳ್ಳೆಯ ಅಂಕಗಳೇ ಬಂದಿವೆ. ಪಠ್ಯಪುಸ್ತಕ ಕೈಗೆ ಕೊಟ್ಟರೆ ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲ. ಆದರೆ ಭೌತಶಾಸ್ತ್ರದ ಉಪನ್ಯಾಸಕರು ಇಂಗ್ಲಿಷಿನಲ್ಲಿ ಪಾಠ ಆರಂಭಿಸಿದರೆಂದರೆ ‘ವೆಲಾಸಿಟಿ’, ‘ಫೋರ್ಸ್’ ಎಂಬ ಬಿಡಿ ಪದಗಳಷ್ಟೇ ಕಿವಿಗೆ ಬೀಳುತ್ತವೆ. ಒಂದು ವಾಕ್ಯದ ಅರ್ಥ ಹೊಳೆಯುವಷ್ಟರಲ್ಲಿ ಮೂರು ವಾಕ್ಯ ಮುಂದೆ ಹೋಗಿರುತ್ತದೆ. ಪಕ್ಕದಲ್ಲಿ ಕುಳಿತವನು ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾನೆ. ಇವನು ಅದನ್ನು ಸಂಜೆ ಕಾಪಿ ಮಾಡಿಕೊಳ್ಳುತ್ತಾನೆ.

ಇದು ಬುದ್ಧಿಯ ಕೊರತೆಯಲ್ಲ, ಇಂಗ್ಲಿಷ್ ಬಾರದ ಕೊರತೆಯೂ ಪೂರ್ತಿಯಾಗಿ ಅಲ್ಲ. ಕಣ್ಣಿಗೆ ಕಲಿಸಿದ್ದನ್ನು ಕಿವಿಗೆ ಕಲಿಸದೆ ಬಿಟ್ಟದ್ದರ ಫಲ. ಭಾಷೆಯ ಕೌಶಲಗಳು ನಾಲ್ಕು: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಬಿ.ಇಡಿ. ಪುಸ್ತಕಗಳಲ್ಲಿ ಮೊದಲ ಸ್ಥಾನದಲ್ಲಿರುವ ಆಲಿಸುವಿಕೆ ತರಗತಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದಿದೆ. ಇದನ್ನು ಸರಿಪಡಿಸಲು ದಾರಿ ತೋರಿದ ಒಂದು ಮಹತ್ವದ ಪ್ರಯೋಗ ನಾಲ್ಕು ದಶಕಗಳ ಹಿಂದೆ ನಡೆದದ್ದು ಬೇರೆಲ್ಲೋ ಅಲ್ಲ, ಬೆಂಗಳೂರಿನಲ್ಲೇ. ಜಗತ್ತಿನ ಭಾಷಾ ಶಿಕ್ಷಣ ತಜ್ಞರಿಗೆಲ್ಲ ಪರಿಚಿತವಾಗಿರುವ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಬೆಂಗಳೂರಿನ ಹೆಚ್ಚಿನವರಿಗೆ ತಿಳಿದಿಲ್ಲ.

ಕಣ್ಣಿನಿಂದ ಕಲಿತ ಭಾಷೆ

ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರಾದ ಬೆಂಗಳೂರಿನ ಹೈಸ್ಕೂಲು ಆರಂಭವಾದದ್ದು 1858ರಲ್ಲಿ. ಅಂದು ಇಂಗ್ಲಿಷ್ ಕಲಿಯುವುದೆಂದರೆ ಕಚೇರಿಯ ಕಾಗದ ಪತ್ರ ಓದಲು, ಬರೆಯಲು ಸಿದ್ಧನಾಗುವುದು. ಹೀಗಾಗಿ ವ್ಯಾಕರಣ, ಭಾಷಾಂತರ, ಕಂಠಪಾಠ ಈ ಮೂರರ ಮೇಲೆಯೇ ಪಾಠ ನಿಂತಿತ್ತು. ಕಿವಿಗೆ ಕೆಲಸ ಸಿಗುತ್ತಿದ್ದದ್ದು ಉಕ್ತಲೇಖನದ ಹೊತ್ತಿನಲ್ಲಿ ಮಾತ್ರ. ಅಲ್ಲಿಯೂ ನೋಡುತ್ತಿದ್ದದ್ದು ಕಾಗುಣಿತವನ್ನೇ ಹೊರತು ಅರ್ಥವನ್ನಲ್ಲ.

ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣತಜ್ಞ 1926ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಬಂಗಾಳದ ಮಕ್ಕಳಿಗೆ ಮೊದಲು ಬೇಕಾದದ್ದು ಓದುವ ಶಕ್ತಿ ಎಂದು ವಾದಿಸಿದ್ದರು. ಅರ್ಧಕ್ಕೆ ಶಾಲೆ ಬಿಡುವ ಬಡ ಮಗುವಿಗೆ ಓದಾದರೂ ಕೈಯಲ್ಲಿ ಉಳಿಯಲಿ ಎಂಬುದು ಅವರ ಕಾಳಜಿ. ಇಂಗ್ಲಿಷ್ ಮಾತು ಕಿವಿಗೆ ಬೀಳುವುದೇ ಅಪರೂಪವಾಗಿದ್ದ ಕಾಲಕ್ಕೆ ಅದು ತಕ್ಕ ಸಲಹೆಯೂ ಆಗಿತ್ತು.

ಸ್ವಾತಂತ್ರ್ಯಾನಂತರ 1950ರ ದಶಕದಲ್ಲಿ ಮದರಾಸು ಪ್ರಾಂತ್ಯದಲ್ಲಿ ‘ಸ್ಟ್ರಕ್ಚರಲ್’ ಪಠ್ಯಕ್ರಮ ಬಂತು. ಬೇಗನೆ ನೆರೆಯ ರಾಜ್ಯಗಳಿಗೂ ಹರಡಿತು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ಬಾಯಿಪಾಠವಾಗುವಂತೆ ಹೇಳಿಸುವ ಕ್ರಮವಿದು. ಶಿಕ್ಷಕರ ತರಬೇತಿಗಾಗಿ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದವು. ಬೆಂಗಳೂರಿನ ಸಂಸ್ಥೆ ಇಂದು ಜ್ಞಾನಭಾರತಿ ಆವರಣದಲ್ಲಿದೆ.

ಹೊಸ ಕ್ರಮದಿಂದ ತರಗತಿಯಲ್ಲಿ ಇಂಗ್ಲಿಷ್ ಸದ್ದು ಕೇಳತೊಡಗಿತು, ನಿಜ. ‘ದಿಸ್ ಈಸ್ ಎ ಪೆನ್’ ಎಂದು ಮೇಷ್ಟ್ರು ಹೇಳಿದರೆ ಐವತ್ತು ಮಕ್ಕಳು ಒಕ್ಕೊರಲಿನಿಂದ ಹಾಗೇ ಹೇಳಿದರು. ಆದರೆ ಪೆನ್ನು ಎಲ್ಲರ ಕಣ್ಣೆದುರಿಗೇ ಇರುವಾಗ ಕೇಳಿ ತಿಳಿದುಕೊಳ್ಳಬೇಕಾದ ಹೊಸ ಸಂಗತಿ ಅದರಲ್ಲಿ ಏನೂ ಇರಲಿಲ್ಲ.

ಬರೆದಂತೆ ಉಲಿಯದ ಭಾಷೆ

ಓದಿದರೆ ತಿಳಿಯುವ ಭಾಷೆ ಕೇಳಿದರೆ ಏಕೆ ತಿಳಿಯುವುದಿಲ್ಲ? ಕನ್ನಡವನ್ನು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದೇ ಪದದಲ್ಲಿ ಕೆಲವು ಅಕ್ಷರಗಳ ಮೇಲೆ ಒತ್ತು ಬೀಳುತ್ತದೆ, ಉಳಿದವು ಸವೆದು ಹೋಗುತ್ತವೆ. ‘ಫೋಟೋಗ್ರಾಫ್’ ಎಂಬಲ್ಲಿ ಮೊದಲ ಅಕ್ಷರಕ್ಕೆ ಒತ್ತು ಇದ್ದರೆ ‘ಫೋಟೋಗ್ರಾಫರ್’ ಎಂಬಲ್ಲಿ ಅದು ಎರಡನೆಯದಕ್ಕೆ ಜಾರಿ, ಮೊದಲ ಅಕ್ಷರ ‘ಫ’ ಎಂದಷ್ಟೇ ಕೇಳುತ್ತದೆ. ‘ಆಫ್’, ‘ಟು’, ‘ಹ್ಯಾವ್’ ಮೊದಲಾದ ಸಣ್ಣ ಪದಗಳು ಅಕ್ಕಪಕ್ಕದ ಪದಗಳಲ್ಲಿ ಕರಗಿಬಿಡುತ್ತವೆ. ಪುಸ್ತಕದಲ್ಲಿ ಪದ ಪದದ ನಡುವೆ ಇರುವ ಖಾಲಿ ಜಾಗ ಮಾತಿನಲ್ಲಿ ಇರುವುದಿಲ್ಲ.

ಈ ಕಷ್ಟ ಕನ್ನಡ ಕಲಿಯುವವರಿಗೂ ತಪ್ಪಿದ್ದಲ್ಲ. ‘ನೀನು ಏನು ಮಾಡುತ್ತಿದ್ದೀಯೆ’ ಎಂದು ಪುಸ್ತಕದಲ್ಲಿ ಕಲಿತ ಉತ್ತರ ಭಾರತದವರೊಬ್ಬರು ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ‘ಏನ್ಮಾಡ್ತಿದೀಯಾ’ ಎಂಬ ಮಾತು ಕೇಳಿದರೆ ತಬ್ಬಿಬ್ಬಾಗುವುದು ಸಹಜ. ಗ್ರಾಂಥಿಕ ಕನ್ನಡ ಗೊತ್ತಿದ್ದರಷ್ಟೇ ಸಾಲದು, ಆಡುಗನ್ನಡಕ್ಕೆ ಕಿವಿ ಒಗ್ಗಬೇಕು. ಇಂಗ್ಲಿಷಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರೌಢಶಾಲೆಯ ಹಂತದಲ್ಲಿ ಆಲಿಸುವಿಕೆಗೆ ಮತ್ತೂ ಕೆಲವು ಮೆಟ್ಟಿಲುಗಳಿವೆ. ಹೆಸರು, ದಿನಾಂಕ, ಸಂಖ್ಯೆಗಳನ್ನು ಹಿಡಿಯುವುದು ಮೊದಲ ಮೆಟ್ಟಿಲು. ಒಟ್ಟು ಸಾರಾಂಶ ಗ್ರಹಿಸುವುದು ಎರಡನೆಯದು. ಹೇಳದೆ ಬಿಟ್ಟದ್ದನ್ನು ಊಹಿಸುವುದು, ಮಾತನಾಡುವವರು ಒಪ್ಪಿ ಹೇಳುತ್ತಿದ್ದಾರೋ ವ್ಯಂಗ್ಯವಾಡುತ್ತಿದ್ದಾರೋ ಎಂದು ಅರಿಯುವುದು, ಕೇಳುತ್ತಲೇ ಮುಖ್ಯಾಂಶ ಬರೆದುಕೊಳ್ಳುವುದು ಅದರ ಮೇಲಿನ ಮೆಟ್ಟಿಲುಗಳು. ಪಿಯುಸಿ ತರಗತಿಯಲ್ಲಿ ಬೇಕಾಗುವುದು ಈ ಕೊನೆಯವೇ.

ಐದು ವರ್ಷದ ಪ್ರಯೋಗ

1979ರಲ್ಲಿ ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಡಾ. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ಹೊಸ ಪ್ರಯೋಗವೊಂದನ್ನು ಕೈಗೆತ್ತಿಕೊಂಡರು. ಅದರ ಅಧಿಕೃತ ಹೆಸರು ‘ಕಮ್ಯುನಿಕೇಷನಲ್ ಟೀಚಿಂಗ್ ಪ್ರಾಜೆಕ್ಟ್’. ಬೆಂಗಳೂರು, ಮದರಾಸು, ಕಡಲೂರಿನ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಇದು 1984ರವರೆಗೆ ನಡೆಯಿತು. ಮಕ್ಕಳು ಪ್ರಾದೇಶಿಕ ಭಾಷಾ ಮಾಧ್ಯಮದವರು. ಮನೆಯಲ್ಲಿ ಇಂಗ್ಲಿಷ್ ಕೇಳುವ ಅವಕಾಶ ಇವರಿಗೆ ಇರಲಿಲ್ಲವೆಂದೇ ಹೇಳಬೇಕು.

ಪ್ರಭು ಅವರ ನಂಬಿಕೆ ಸರಳವಾದದ್ದು. ಮಗುವಿನ ಗಮನ ಭಾಷೆಯ ಮೇಲಿರದೆ ಅರ್ಥದ ಮೇಲಿದ್ದಾಗಲೇ ವ್ಯಾಕರಣ ಮನಸ್ಸಿನಲ್ಲಿ ತಾನಾಗಿ ಬೇರುಬಿಡುತ್ತದೆ ಎಂಬುದು ಅದು. ಆದ್ದರಿಂದ ಅವರು ವಾಕ್ಯರಚನೆಗಳ ಪಟ್ಟಿಯನ್ನೇ ಬದಿಗಿಟ್ಟರು. ಅದರ ಬದಲು ತರಗತಿಗೆ ಬಂದದ್ದು ಬಿಡಿಸಬೇಕಾದ ಸಮಸ್ಯೆಗಳು: ರೈಲು ವೇಳಾಪಟ್ಟಿ, ಊರಿನ ನಕ್ಷೆ, ಶಾಲೆಯ ಟೈಮ್ ಟೇಬಲ್, ಸೂಚನೆ ಕೇಳಿ ಬಿಡಿಸಬೇಕಾದ ಚಿತ್ರ.

ಪಾಠಕ್ಕೆ ಎರಡು ಭಾಗ. ಮೊದಲು ಇಡೀ ತರಗತಿಯ ಮುಂದೆ ಶಿಕ್ಷಕರು ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮಾತನಾಡುತ್ತಾ ಕೆಲವು ಮಕ್ಕಳ ನೆರವಿನಿಂದ ಬಿಡಿಸುತ್ತಾರೆ. ಇಂಥ ರೈಲು ಇಷ್ಟು ಗಂಟೆಗೆ ಹೊರಟರೆ ಯಾವ ಊರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಅಲ್ಲಿ ಇನ್ನೊಂದು ರೈಲು ಸಿಗುತ್ತದೆಯೇ ಎಂಬಂಥ ಪ್ರಶ್ನೆಗಳು. ಉಳಿದವರು ಕೇಳಿಸಿಕೊಳ್ಳುತ್ತಾರೆ. ನಂತರ ಅಂಥದೇ ಇನ್ನೊಂದು ಸಮಸ್ಯೆಯನ್ನು ಪ್ರತಿಯೊಬ್ಬರೂ ತಾವಾಗಿ ಬಿಡಿಸಬೇಕು. ಅಂಕ ಕೊಡುವುದು ಉತ್ತರ ಸರಿಯೋ ತಪ್ಪೋ ಎಂದು ನೋಡಿ. ವಾಕ್ಯ ಸರಿಯೋ ತಪ್ಪೋ ಎಂದು ನೋಡಿ ಅಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಗು ಮಾತನಾಡಲೇಬೇಕೆಂಬ ಬಲವಂತ ಇರಲಿಲ್ಲ. ‘ಯೆಸ್’ ಎಂದರೂ ಆಯಿತು, ಒಂದು ಸಂಖ್ಯೆ ಹೇಳಿದರೂ ಆಯಿತು, ನಕ್ಷೆಯ ಮೇಲೆ ಗೆರೆ ಎಳೆದರೂ ಆಯಿತು. ಅರ್ಥವಾಗಿದೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ತಾಯಿಯ ಮಾತನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡ ಮೇಲೆಯೇ ಕೂಸು ತೊದಲುವುದು. ಗುಂಪು ಚರ್ಚೆಗೂ ಅವರು ಅವಕಾಶ ಕೊಡಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತನಾಡಿಕೊಂಡರೆ ಪರಸ್ಪರರ ತಪ್ಪು ಇಂಗ್ಲಿಷೇ ಕಿವಿಗೆ ಬೀಳುತ್ತದೆ. ಶಿಕ್ಷಕರ ಮಾತೇ ಹೆಚ್ಚು ಕೇಳಲಿ ಎಂಬುದು ಕಾರಣ. ಹೀಗೆ ದುಬಾರಿ ಉಪಕರಣಗಳಿಲ್ಲದೆ, ಕರಿಹಲಗೆ ಮತ್ತು ಸೀಮೆಸುಣ್ಣದ ನೆರವಿನಿಂದಲೇ ತರಗತಿ ಆಲಿಸುವಿಕೆಯ ಶಾಲೆಯಾಯಿತು.

ಅದೇ ಊರಿನಲ್ಲಿ ಗೋಕಾಕ್ ಚಳವಳಿ

ಈ ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರಿನ ಬೀದಿಗಳಲ್ಲಿ ಭಾಷೆಯ ಇನ್ನೊಂದು ಪ್ರಶ್ನೆ ಹೊತ್ತಿ ಉರಿಯುತ್ತಿತ್ತು. ಪ್ರೌಢಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕೆಂಬ ಶಿಫಾರಸು ಮಾಡಿದ ಗೋಕಾಕ್ ವರದಿ ಸಲ್ಲಿಕೆಯಾದದ್ದು 1981ರ ಜನವರಿಯಲ್ಲಿ. 1982ರಲ್ಲಿ ಡಾ. ರಾಜಕುಮಾರ್ ಧುಮುಕಿದ ಮೇಲೆ ಚಳವಳಿ ರಾಜ್ಯವ್ಯಾಪಿಯಾಯಿತು. ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರು ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು; ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕನ್ನಡಕ್ಕೆ ಅಗ್ರಸ್ಥಾನ ಕೊಡುವುದಕ್ಕೂ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಅವರ ಬದುಕೇ ನಿದರ್ಶನ. ಬೆಂಗಳೂರು ಪ್ರಾಜೆಕ್ಟ್ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಮಾಧ್ಯಮ ಬದಲಿಸದೆ, ದಿನಕ್ಕೆ ಒಂದು ಪೀರಿಯಡ್ಡಿನಲ್ಲಿಯೇ ಇಂಗ್ಲಿಷ್ ಅರ್ಥವಾಗುವಂತೆ ಮಾಡಲು ಸಾಧ್ಯ ಎಂದು ಅದು ತೋರಿಸಹೊರಟಿತ್ತು.

ಫಲಿತಾಂಶವೇನು?

ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ವಿದ್ವಾಂಸರು ಪ್ರಯೋಗದ ಮೌಲ್ಯಮಾಪನ ನಡೆಸಿ 1985ರಲ್ಲಿ ವರದಿ ಪ್ರಕಟಿಸಿದರು. ಪ್ರಯೋಗದ ತರಗತಿ ಮತ್ತು ಹಳೆಯ ಕ್ರಮದ ತರಗತಿ ತಮ್ಮ ತಮ್ಮ ರೀತಿಯ ಪರೀಕ್ಷೆಯಲ್ಲಿ ಮುಂದಿದ್ದವು. ಯಾವ ಪಕ್ಷಕ್ಕೂ ಸೇರದ ಪರೀಕ್ಷೆಗಳೆಂದು ಅವರು ಆರಿಸಿಕೊಂಡವುಗಳಲ್ಲಿ ಉಕ್ತಲೇಖನವೂ, ಕೇಳಿ-ಓದಿ ಗ್ರಹಿಸುವ ಪರೀಕ್ಷೆಯೂ ಇದ್ದವು. ಅವುಗಳಲ್ಲಿ ಒಟ್ಟಾರೆ ಮೇಲುಗೈ ಪ್ರಯೋಗದ ಮಕ್ಕಳದ್ದಾಯಿತು.

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಪ್ರಯೋಗದಲ್ಲಿ ಕಲಿಸಿದವರಲ್ಲಿ ಹಲವರು ವಿಶೇಷ ತರಬೇತಿ ಪಡೆದವರು. ಶಾಲೆಯ ಸಾಮಾನ್ಯ ಶಿಕ್ಷಕರಿಗೆ ಈ ಕ್ರಮ ಕಷ್ಟವಾಯಿತೆಂದು ಬೆರೆಟ್ಟಾ ಅವರೇ 1990ರಲ್ಲಿ ಬರೆದರು. ಪೂರ್ವನಿಶ್ಚಿತ ವಾಕ್ಯಗಳ ಆಸರೆಯಿಲ್ಲದೆ ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಲು ಶಿಕ್ಷಕರಿಗೇ ಧೈರ್ಯ ಬೇಕು. ಪ್ರಭು ಮುಂದೆ ಸಿಂಗಪುರದ ವಿಶ್ವವಿದ್ಯಾಲಯ ಸೇರಿದರು. 1987ರಲ್ಲಿ ಪ್ರಕಟವಾದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಜಗತ್ತಿನಾದ್ಯಂತ ಚರ್ಚೆಯಾಯಿತು. ‘ಟಾಸ್ಕ್ ಆಧಾರಿತ ಬೋಧನೆ’ ಎಂದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಪದ್ಧತಿಯ ಇತಿಹಾಸ ಬರೆಯುವವರು ಬೆಂಗಳೂರಿನಿಂದಲೇ ಆರಂಭಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಇಲ್ಲಿನ ಶಾಲೆಗಳಲ್ಲಿ ಮಾತ್ರ ಅದು ಬೇರೂರಲಿಲ್ಲ.

ಅಂಕವಿದ್ದರೆ ಪಾಠ

ಪರೀಕ್ಷೆಯಲ್ಲಿ ಇಲ್ಲದ್ದು ಪಾಠದಲ್ಲೂ ಇರುವುದಿಲ್ಲ ಎಂಬುದು ನಮ್ಮ ಶಾಲೆಗಳ ಅಲಿಖಿತ ನಿಯಮ. ಐಸಿಎಸ್ಇ ಪಠ್ಯಕ್ರಮದ ಹತ್ತನೇ ತರಗತಿಯಲ್ಲಿ ಆಲಿಸುವಿಕೆಗೆ ಪ್ರತ್ಯೇಕ ಪರೀಕ್ಷೆಯಿದೆ. ಸುಮಾರು 300 ಪದಗಳ ಗದ್ಯಭಾಗವನ್ನು ಪರೀಕ್ಷಕರು ಎರಡು ಸಲ ಓದುತ್ತಾರೆ. ಮೊದಲ ಸಲ ನಿಮಿಷಕ್ಕೆ ಸುಮಾರು 110 ಪದಗಳ ವೇಗ, ಎರಡನೇ ಸಲ ಇನ್ನೂ ನಿಧಾನ. ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಂಡು ಉತ್ತರಿಸಬೇಕು. ಸಿಬಿಎಸ್ಇ 2012-13ರಲ್ಲಿ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ ಮಾತು-ಆಲಿಸುವಿಕೆಯ ಪರೀಕ್ಷೆ ತಂದಿತು. ಕೆಲವೇ ವರ್ಷಗಳಲ್ಲಿ ಆ ಪ್ರತ್ಯೇಕ ಪರೀಕ್ಷೆ ನಿಂತು, ಅದು ಆಂತರಿಕ ಮೌಲ್ಯಮಾಪನದೊಳಗೆ ಸೇರಿಕೊಂಡಿತು.

ರಾಜ್ಯ ಪಠ್ಯಕ್ರಮದಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಪಬ್ಲಿಕ್ ಪರೀಕ್ಷೆಯಲ್ಲಿ ಕಿವಿಗೆ ಕೆಲಸವಿಲ್ಲ. ಪಠ್ಯಪುಸ್ತಕದಲ್ಲಿ ಆಲಿಸುವ ಚಟುವಟಿಕೆಗಳಿದ್ದರೂ ಜನವರಿ ಹತ್ತಿರವಾದಂತೆ ಅವೇ ಮೊದಲು ಬಿಟ್ಟುಹೋಗುವ ಪುಟಗಳು.

ಸರ್ಕಾರಿ ಪ್ರಯತ್ನಗಳೇ ಇಲ್ಲವೆಂದಲ್ಲ. ಬನಶಂಕರಿ ಮೂರನೇ ಹಂತದ ಹೊಸಕೆರೆಹಳ್ಳಿ ವರ್ತುಲ ರಸ್ತೆಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಆಕಾಶವಾಣಿಯೊಡನೆ ಸೇರಿ ‘ಕೇಳಿ-ಕಲಿ’ ಪಾಠಗಳನ್ನು ಪ್ರಸಾರ ಮಾಡಿಸಿದೆ. 2007ರಿಂದ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಆದರೆ ಎಷ್ಟು ಬೇಗ ಆರಂಭಿಸಬೇಕು ಎಂಬ ಚರ್ಚೆ ನಡೆದಷ್ಟು, ಮಗು ದಿನಕ್ಕೆ ಎಷ್ಟು ನಿಮಿಷ ಅರ್ಥವಾಗುವ ಇಂಗ್ಲಿಷ್ ಕೇಳುತ್ತದೆ ಎಂಬ ಚರ್ಚೆ ನಡೆಯಲಿಲ್ಲ.

ಶಾಲೆ ಬಿಟ್ಟದ್ದನ್ನು ಮಾರುಕಟ್ಟೆ ಹಿಡಿಯಿತು. ಜಯನಗರ, ಬಿಟಿಎಂ ಬಡಾವಣೆಗಳಲ್ಲಿ ವಿದೇಶಕ್ಕೆ ಹೊರಟವರಿಗೆ ಐಇಎಲ್‌ಟಿಎಸ್ ತರಬೇತಿ ಕೊಡುವ ಫಲಕಗಳು ಕಾಣುತ್ತವೆ. ಆ ಪರೀಕ್ಷೆಯ ಆಲಿಸುವಿಕೆಯ ಭಾಗದಲ್ಲಿ 40 ಪ್ರಶ್ನೆಗಳು, ನಾಲ್ಕು ಧ್ವನಿಮುದ್ರಿಕೆಗಳು. ಪ್ರತಿಯೊಂದನ್ನೂ ಕೇಳಿಸುವುದು ಒಂದೇ ಸಲ. ಶುಲ್ಕ ಕೊಡಬಲ್ಲವರು ಇಪ್ಪತ್ತರ ಹರೆಯದಲ್ಲಿ ಕಿವಿಗೆ ಸಾಣೆ ಹಿಡಿಸಿಕೊಳ್ಳುತ್ತಾರೆ. ಕೊಡಲಾಗದವರು ಪಿಯುಸಿಯಲ್ಲೇ ಹಿಂದೆ ಬೀಳುತ್ತಾರೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಎಂಟನೇ ತರಗತಿಯಿಂದಲೇ ವಾರಕ್ಕೆರಡು ದಿನ ಹತ್ತು ನಿಮಿಷ ಮೀಸಲಿಟ್ಟರೆ ಸಾಕು. ಪತ್ರಿಕೆಯ ಒಂದು ಸುದ್ದಿ, ವಿಜ್ಞಾನ ಪಾಠದ ಒಂದು ಪುಟವನ್ನು ಶಿಕ್ಷಕರು ಸಹಜ ವೇಗದಲ್ಲಿ ಓದಬೇಕು. ಓದುವ ಮೊದಲು ಏನನ್ನು ಗಮನಿಸಬೇಕೆಂದು ಹೇಳಬೇಕು. ಮೊದಲ ಓದಿಗೆ ಸಾರಾಂಶ, ಎರಡನೆಯದಕ್ಕೆ ವಿವರ. ಉತ್ತರವನ್ನು ಕನ್ನಡದಲ್ಲಿ ಹೇಳಿದರೂ ಒಪ್ಪಿಕೊಳ್ಳಬೇಕು. ಪರೀಕ್ಷಿಸುತ್ತಿರುವುದು ಕಿವಿಯನ್ನೇ ಹೊರತು ಬಾಯನ್ನಲ್ಲ. ಪುಸ್ತಕ ತೆರೆದು ನೋಡುವ ಅವಕಾಶ ಕೊನೆಯಲ್ಲಿ ಮಾತ್ರ.

ಕಾವ್ಯವನ್ನು ಗಮಕಿಯ ಬಾಯಿಂದ ಕೇಳಿ, ವ್ಯಾಖ್ಯಾನಕಾರರಿಂದ ಅರ್ಥ ತಿಳಿದುಕೊಂಡ ನಾಡು ಇದು. ಅಕ್ಷರ ಬಾರದವರೂ ಕುಮಾರವ್ಯಾಸನ ರಸವನ್ನು ಸವಿದದ್ದು ಕಿವಿಯ ಮೂಲಕವೇ. ಕೇಳಿ ಕಲಿಯುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ಹಿಂದಿನ ಬೆಂಚಿನ ಆ ಹುಡುಗನಿಗೆ ಬೇಕಾಗಿರುವುದೂ ಇಷ್ಟೇ: ಕಾಲೇಜಿನ ಮೆಟ್ಟಿಲು ಹತ್ತುವ ಮೊದಲು, ಅರ್ಥ ಬಿಡಿಸಿ ಹೇಳುವ ಮೇಷ್ಟ್ರೊಬ್ಬರು ಹತ್ತಿರವಿರುವಾಗಲೇ, ಆ ಭಾಷೆಯನ್ನು ಸಾಕಷ್ಟು ಕೇಳುವ ಅವಕಾಶ.