ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟುವ ಊರುಗಳು

ವರ್ಷದ ಕೊನೆ ಹತ್ತಿರವಾದಂತೆ ಪತ್ರಿಕೆಗಳ ಪ್ರವಾಸ ಪುರವಣಿಗಳ ತುಂಬ ದ್ವೀಪಗಳು. ಹಾಯಿದೋಣಿ ಬಾಡಿಗೆಗೆ ಹಿಡಿದು ಹೊರಟವರು ರಾತ್ರಿಯ ಗಮ್ಮತ್ತಿಗೆ ಎಲ್ಲಿ ಲಂಗರು ಹಾಕಬೇಕು, ಯಾವ ತಿಂಗಳಲ್ಲಿ ಯಾವ ಉತ್ಸವ ಸಿಗುತ್ತದೆ ಎಂಬ ಲೆಕ್ಕಾಚಾರ ಅಲ್ಲಿರುತ್ತದೆ. ಥಾಯ್ಲೆಂಡಿನ ಕೋ ಫಂಗಾನ್‌ನ ಹುಣ್ಣಿಮೆ ಪಾರ್ಟಿ, ಕೆರಿಬಿಯನ್ ಕಡೆಯ ಟ್ರಿನಿಡಾಡ್‌ನ ಕಾರ್ನಿವಲ್, ದ್ವೀಪವಲ್ಲದಿದ್ದರೂ ಆ ಪಟ್ಟಿಯಲ್ಲಿ ಜಾಗ ಪಡೆಯುವ ಗೋವಾ. ಅದೇ ಪುರವಣಿ ಹಾಸನ ಜಿಲ್ಲೆಗೆ ಬಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ತೋರಿಸಿ ಸಂಜೆಗೆ ಬೆಂಗಳೂರಿನ ಬಸ್ಸು ಹತ್ತಿಸಿಬಿಡುತ್ತದೆ. ಕತ್ತಲಾದ ಮೇಲೆ ಈ ಸೀಮೆಯಲ್ಲಿ ನೋಡುವಂಥದ್ದೇನೂ ಇಲ್ಲ ಎಂಬ ನಂಬಿಕೆ ಈಗ ಜಿಲ್ಲೆಯ ಹುಡುಗರಲ್ಲೂ ಬೇರೂರಿದೆ.

ಇದು ಪೂರಾ ತಪ್ಪು. ಸುಗ್ಗಿ ಮುಗಿದಾಗಿನಿಂದ ಮುಂಗಾರು ಹಿಡಿಯುವವರೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ, ದೇವರ ಉತ್ಸವಗಳ ನೆಪದಲ್ಲಿ ರಾತ್ರಿಯಿಡೀ ಎಚ್ಚರವಿರುವ ಒಂದು ಲೋಕವಿದೆ. ಅದರ ನಡುಮಧ್ಯೆ ಇರುವುದು ಪೌರಾಣಿಕ ನಾಟಕ. ಇದನ್ನು ಜಾನಪದ ವಿದ್ವಾಂಸರು ಕಂಪನಿ ನಾಟಕದ ಪಳೆಯುಳಿಕೆಯೆಂದು ಬದಿಗಿಟ್ಟರು. ಆಧುನಿಕ ರಂಗಭೂಮಿಯವರು ಹಳೇ ಕಾಲದ್ದೆಂದು ಕೈಬಿಟ್ಟರು. ನಡುವೆ ಬಿದ್ದದ್ದನ್ನು ಎತ್ತಿಕೊಂಡು ಬೆಳೆಸಿದವರು ಹಳ್ಳಿಯವರೇ.

ಹಿಂದಿನದನ್ನು ಚುಟುಕಾಗಿ ಹೇಳಬಹುದು. ಕರಾವಳಿಗೆ ಪಡುವಲಪಾಯ ಯಕ್ಷಗಾನ ಇದ್ದಂತೆ ಈ ಬಯಲುಸೀಮೆಗೆ ಮೂಡಲಪಾಯ. ಪಂಜಿನ ಬೆಳಕಿನಲ್ಲಿ, ಮುಖವೀಣೆ ಮದ್ದಳೆಗಳ ಜೊತೆ, ಭಾಗವತನ ಹಿಂದೆ ರಾತ್ರಿ ಸಾಗುತ್ತಿತ್ತು. 'ಕರಿಭಂಟನ ಕಾಳಗ' ಅದರ ಅತಿ ಹೆಸರಾದ ಪ್ರಸಂಗ. ಜಾನಪದ ವಿದ್ವಾಂಸ ಜೀಶಂಪ ಅವರು ಊರೂರು ಸುತ್ತಿ ಅದರ ಬಗ್ಗೆ ಬರೆಯದೇ ಹೋಗಿದ್ದರೆ ಇಂದು ಹೆಸರೂ ಉಳಿಯುತ್ತಿರಲಿಲ್ಲ. ಅದರ ಜೊತೆಗೇ ಗ್ರಾಮದೇವತೆಯ ಮುಂದೆ ಕೆಂಪು ಮುಖದ ಸೋಮ ಕುಣಿಯುತ್ತಿದ್ದ, ತೊಗಲುಗೊಂಬೆಯವರು ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಆಡಿಸುತ್ತಿದ್ದರು. ಇವೆರಡೂ ಈಗಲೂ ಅಲ್ಲಲ್ಲಿ ಉಂಟು, ಆದರೆ ಜಾತ್ರೆಯ ರಾತ್ರಿಯನ್ನು ಆಳುವಷ್ಟು ಶಕ್ತಿ ಉಳಿದಿಲ್ಲ.

ಆಮೇಲೆ ಬಂದದ್ದು ಕಂಪನಿ ನಾಟಕ. ಮೈಸೂರಿನ ಅರಮನೆಯ ಆಸರೆಯಲ್ಲಿ 1880ರ ದಶಕದಲ್ಲಿ ರೂಪುಗೊಂಡ ರಂಗಭೂಮಿ, ವರದಾಚಾರ್ಯರ ರತ್ನಾವಳಿ ಕಂಪನಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಹೀಗೆ ಒಂದರ ಹಿಂದೊಂದು. ಮೈಸೂರು-ಅರಸೀಕೆರೆ ರೈಲು ಮಾರ್ಗ ಬಂದಮೇಲೆ ಹೊಳೆನರಸೀಪುರ, ಹಾಸನಗಳು ಅದರ ನಿಲ್ದಾಣಗಳಾದವು. ಪರದೆ, ಪೆಟ್ಟಿಗೆ, ಕಲಾವಿದರನ್ನು ಹೊತ್ತು ಊರಿಂದೂರಿಗೆ ಹೋಗುವ ಕಂಪನಿಗಳಿಗೆ ಇಂಥ ಮಾರ್ಗವೇ ಬೇಕು. ಉಳಿದೆರಡು ತಾಲ್ಲೂಕುಗಳಿಗೆ ಆ ಭಾಗ್ಯವಿರಲಿಲ್ಲ: ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ. ಚನ್ನರಾಯಪಟ್ಟಣದ ಕಡೆ ಬೆಂಗಳೂರಿನ ರೈಲು ಓಡಿದ್ದು 2017ರಲ್ಲಿ. 1934ರಲ್ಲಿ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿ 'ಕುರುಕ್ಷೇತ್ರ' ಆಡಿದ ಸುದ್ದಿ ಮೈಸೂರು ಸೀಮೆಯ ಮನೆಮನೆಯ ಮಾತಾಯಿತು. ನಟರ ಬದುಕನ್ನು 'ನಟಸಾರ್ವಭೌಮ' ಕಾದಂಬರಿಯಾಗಿಸಿದ ಅನಕೃ ಅವರ ಹೆಸರಿನ ಮೊದಲಕ್ಷರ ಅರಕಲಗೂಡಿನದು ಎಂಬುದನ್ನು ಆ ತಾಲ್ಲೂಕಿನವರು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು.

ಕಂಪನಿಗಳು ಸಿನಿಮಾದ ಹೊಡೆತಕ್ಕೆ ಕುಸಿದವು. ಇಲ್ಲಿಗೆ ಸಾಮಾನ್ಯವಾಗಿ ರಂಗಭೂಮಿಯ ಇತಿಹಾಸಕಾರರು ಪುಟ ತಿರುವಿ, ನವ್ಯ ನಾಟಕಕ್ಕೂ 1989ರ ರಂಗಾಯಣಕ್ಕೂ ಹಾರುತ್ತಾರೆ. ಹಾಸನ ಸೀಮೆಯ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ಕಂಪನಿ ಮುಚ್ಚಿದರೂ ಅದರ ಹಾರ್ಮೋನಿಯಂ ಮುಚ್ಚಲಿಲ್ಲ. ಪಾಠ, ಮಟ್ಟು, ಕಂದ, ವೃತ್ತಗಳನ್ನು ಬಲ್ಲವರು ಹಳ್ಳಿಗಳಿಗೆ ಬಂದು ಡ್ರಾಮ ಮೇಷ್ಟ್ರಾದರು. ಟಿಕೆಟ್ ಕೊಂಡು ನೋಡುತ್ತಿದ್ದ ರೈತ ತಾನೇ ಕಿರೀಟ ಇಟ್ಟುಕೊಂಡ.

ಇದರ ಏರ್ಪಾಡು ಬೇರೆಡೆ ಸುಲಭಕ್ಕೆ ಸಿಗುವಂಥದ್ದಲ್ಲ. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕಟ್ಟಬೇಕು. ಕುರುಕ್ಷೇತ್ರ ನಾಟಕವಾದರೆ ದುರ್ಯೋಧನ, ಕೃಷ್ಣ, ಕರ್ಣ, ಭೀಮನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಆಸೆ ಪಡುವವರು ಹೆಚ್ಚಾದರೆ ಪಾತ್ರವನ್ನೇ ಹಂಚುತ್ತಾರೆ: ಒಂದನೇ ದುರ್ಯೋಧನ, ಎರಡನೇ ದುರ್ಯೋಧನ, ಸಂಧಾನದ ಕೃಷ್ಣ, ಯುದ್ಧದ ಕೃಷ್ಣ. ಕರಪತ್ರದಲ್ಲಿ ಎಲ್ಲರ ಹೆಸರೂ ಫೋಟೋ ಸಮೇತ ಇರಬೇಕು. ಇದನ್ನು ಕೇಳಿ ನಗುವ ನಗರದ ವಿಮರ್ಶಕರಿಗೆ ಟ್ರಿನಿಡಾಡ್ ಕಾರ್ನಿವಲ್‌ನ ನಡಾವಳಿ ತಿಳಿದಿರಬೇಕು. ಅಲ್ಲಿಯೂ ತಂಡ ಸೇರಿ ವೇಷ ತೊಟ್ಟು ಬೀದಿಗಿಳಿಯುವವರು ವೇಷಕ್ಕೆ ತಾವೇ ಹಣ ತೆರುತ್ತಾರೆ. ಆ ಮೆರವಣಿಗೆಯನ್ನು ಜಗತ್ತು ದೊಡ್ಡ ಉತ್ಸವ ಎಂದು ಕರೆಯುತ್ತದೆ. ಹೊಳೆನರಸೀಪುರದ ರೈತ ಹಾಗೆ ಮಾಡಿದರೆ ಅದು ಖಯಾಲಿ ಎನಿಸಿಕೊಳ್ಳುತ್ತದೆ.

ತಾಲೀಮು ತಿಂಗಳುಗಟ್ಟಲೆ. ಹಗಲೆಲ್ಲ ಶುಂಠಿ ಹೊಲದಲ್ಲೋ ಆಲೂಗೆಡ್ಡೆ ಮಂಡಿಯಲ್ಲೋ ದುಡಿದವರು ರಾತ್ರಿ ಊಟ ಮುಗಿಸಿ ದೇವಸ್ಥಾನದ ಜಗಲಿಗೋ ಸಮುದಾಯ ಭವನಕ್ಕೋ ಬರುತ್ತಾರೆ. ಮೇಷ್ಟ್ರು ಕಾಲು ಹಾರ್ಮೋನಿಯಂ ಮುಂದೆ ಕೂತು ಒಂದು ಕಂದವನ್ನು ಹತ್ತು ಸಲ ಹೇಳಿಸುತ್ತಾರೆ. ಓದು ಬಾರದವರಿಗೂ ಬಾಯಿಪಾಠ ಮಾಡಿಸಿ, ಭಾಮಿನಿಯ ಲಯವನ್ನೂ ವೃತ್ತದ ಉಸಿರನ್ನೂ ಮೈಗೂಡಿಸುವ ಕೆಲಸ ಅದು. ಹಳಗನ್ನಡದ ಛಂದಸ್ಸು ಶಾಲೆಯ ಪರೀಕ್ಷೆಗೆ ಮುಗಿದುಹೋದರೂ ಈ ಜಗಲಿಗಳಲ್ಲಿ ಉಳಿದುಬಂದಿದೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಸೇವೆ ಯಾವ ಸಮ್ಮೇಳನದಿಂದ ಆಗಿದೆಯೋ ಹೇಳುವುದು ಕಷ್ಟ.

ನಾಟಕದ ದಿನ ಮಧ್ಯಾಹ್ನವೇ ಸೀನರಿ ಲಾರಿ ಬರುತ್ತದೆ. ದರ್ಬಾರ್ ಪರದೆ, ಕಾಡಿನ ಪರದೆ, ರಸ್ತೆಯ ಪರದೆ, ಜಗಮಗಿಸುವ ಕಮಾನುಗಳು ಒಂದೊಂದಾಗಿ ಇಳಿಯುತ್ತವೆ. ಸಂಜೆಗೆ ಬಣ್ಣದ ಮನೆಯಲ್ಲಿ ಮೀಸೆ ಅಂಟಿಸಿಕೊಂಡು, ಭುಜಕೀರ್ತಿ ಕಟ್ಟಿಸಿಕೊಂಡು ಕೂತವರ ಎದುರು ಮಕ್ಕಳ ಸಾಲು. ಹತ್ತರ ಸುಮಾರಿಗೆ ಗಣಪತಿ ಸ್ತುತಿ. ಹನ್ನೆರಡಕ್ಕೆ ಶಯನದ ದೃಶ್ಯ, ಮಲಗಿದ ಕೃಷ್ಣನ ತಲೆಯ ಕಡೆ ದುರ್ಯೋಧನ, ಕಾಲ ಕಡೆ ಅರ್ಜುನ. ಕಥೆ ಎಲ್ಲರಿಗೂ ಗೊತ್ತು. ಜನ ಕಾಯುವುದು ಕಥೆಗಲ್ಲ, ನಮ್ಮೂರಿನವನ ಕಂಠ ಮೇಲಿನ ಷಡ್ಜ ಮುಟ್ಟುತ್ತದೆಯೇ ಎಂಬುದಕ್ಕೆ. ಮುಟ್ಟಿದರೆ ಒನ್ಸ್ ಮೋರ್. ಆಗ ನೆಂಟರಿಷ್ಟರು ಹಾರ ಹಿಡಿದು ರಂಗಕ್ಕೇ ಹತ್ತುತ್ತಾರೆ, ಭಾವಮೈದ ಬಂದು ಉಂಗುರ ತೊಡಿಸುತ್ತಾನೆ, ನೋಟಿನ ಮಾಲೆ ಬೀಳುತ್ತದೆ, ಮಹಾಭಾರತ ಅಷ್ಟು ಹೊತ್ತು ನಿಲ್ಲುತ್ತದೆ. ರಸಭಂಗವೆಂದು ದೂರುವವರಿದ್ದಾರೆ. ಆದರೆ ಪಾತ್ರಧಾರಿಯನ್ನೂ ಪಾತ್ರವನ್ನೂ ಒಟ್ಟಿಗೆ ಕಾಣುವ ಈ ನೋಟ ಆ ರಂಗದ ಜೀವಾಳ. ಗದಾಯುದ್ಧಕ್ಕೆ ಬರುವ ಹೊತ್ತಿಗೆ ಮೂಡಣದಲ್ಲಿ ಬೆಳಕು ಹರಿದಿರುತ್ತದೆ, ಹಾಲಿನ ಡೈರಿಗೆ ಹೊರಟವರು ಕ್ಯಾನು ಇಳಿಸಿ ನಿಂತು ನೋಡುತ್ತಾರೆ.

ಎಪ್ಪತ್ತರ ದಶಕದಿಂದ ತೊಂಬತ್ತರವರೆಗಿನ ಅವಧಿ ಈ ರಂಗದ ಏರುಕಾಲ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿದು ನಾಲೆಯ ನೀರು ಹರಿದ ಕಡೆ ಕೈಯಲ್ಲಿ ಕಾಸು ಓಡಾಡಿತು. ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರ ದೇವರುಗಳೂ ಜಾತ್ರೆಗಳೂ ಜಾಗ ಬದಲಿಸಿದವು, ಆ ಕಥೆಯನ್ನು ಯಾರೂ ಸರಿಯಾಗಿ ಬರೆದಿಲ್ಲ. ಸಿನಿಮಾ ಈ ನಾಟಕಗಳನ್ನು ಕೊಂದಿತೆಂಬ ಮಾತೂ ಅರ್ಧ ಸತ್ಯ. ಗುಬ್ಬಿ ಕಂಪನಿಯಲ್ಲೇ ಪಳಗಿದ ರಾಜ್‌ಕುಮಾರ್ 1965ರ 'ಸತ್ಯ ಹರಿಶ್ಚಂದ್ರ', 1977ರ 'ಬಭ್ರುವಾಹನ'ಗಳಲ್ಲಿ ತೋರಿದ ಗತ್ತು, ಉಚ್ಚಾರಣೆ ಮರಳಿ ಹಳ್ಳಿಯ ರಂಗಕ್ಕೇ ಬಂದು ಸೇರಿತು. ಕಂಪನಿ ಸಿನಿಮಾಕ್ಕೆ ಕೊಟ್ಟದ್ದನ್ನು ಸಿನಿಮಾ ಹಳ್ಳಿಗೆ ತಂದುಕೊಟ್ಟಿತು. 2019ರಲ್ಲಿ 'ಕುರುಕ್ಷೇತ್ರ' ಸಿನಿಮಾ ತೆರೆಗೆ ಬಂದಾಗ ದುರ್ಯೋಧನ ನಾಯಕನಾದದ್ದೇ ಹೊಸತೆಂಬಂತೆ ಚರ್ಚೆ ನಡೆಯಿತು. ಈ ಸೀಮೆಯಲ್ಲಿ ಆ ಛಲದಂಕಮಲ್ಲನಿಗೆ ಎಷ್ಟೋ ತಲೆಮಾರಿನಿಂದ ಚಪ್ಪಾಳೆ ಬೀಳುತ್ತಿದೆ.

ಹೆಣ್ಣು ಪಾತ್ರಗಳ ಕಥೆ ಬೇರೆ. ಮೊದಲು ಗಂಡಸರೇ ಸೀರೆ ಉಡುತ್ತಿದ್ದರು. ಆಮೇಲೆ ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಯರಿಗೆ ಮೈಸೂರು, ತುಮಕೂರು ಮುಂತಾದ ಕಡೆಯಿಂದ ವೃತ್ತಿ ಕಲಾವಿದೆಯರನ್ನು ಕರೆಸುವ ರೂಢಿ ಬಂತು. ಇಡೀ ರಂಗದಲ್ಲಿ ಸಂಭಾವನೆ ಪಡೆದು ಆಡುವ ನಟರೆಂದರೆ ಇವರೇ. ಇಂದು ಹಿರೀಸಾವೆಯ ಕಡೆ, ನಾಳೆ ಕೊಣನೂರಿನ ಕಡೆ, ಬಸ್ಸಿನಲ್ಲಿ ನಿದ್ದೆ. ಎದುರಿನ ಕರ್ಣ ಮಾತು ಮರೆತರೆ ಅವನ ಸಾಲನ್ನು ಕುಂತಿಯೇ ಮೆಲ್ಲಗೆ ಎತ್ತಿಕೊಡುತ್ತಾಳೆ. ಹಾಗೆ ನೋಡಿದರೆ ಪಠ್ಯವೆಲ್ಲ ಉಳಿದಿರುವುದು ಇವರ ನೆನಪಿನಲ್ಲೇ. ಆದರೂ ಕರಪತ್ರದಲ್ಲಿ ಇವರ ಹೆಸರು ಕೊನೆಯ ಸಾಲಿಗೆ ಇಳಿಯುತ್ತದೆ, ರಾತ್ರಿ ಕಳೆದ ಮೇಲೆ ಊರಿನವರ ನೆನಪಿನಿಂದಲೂ ಜಾರುತ್ತದೆ. ಇದು ಈ ರಂಗದ ಅತಿ ದೊಡ್ಡ ಅನ್ಯಾಯ. ದಲಿತ ಕೇರಿಗಳಲ್ಲಿ ಬೇರೆಯಾಗಿ ಕಟ್ಟಿ ಆಡಿದ ನಾಟಕಗಳಿಗೂ ಇದೇ ಗತಿ. ಮೇಳ, ವಾದ್ಯ, ಕುಣಿತ ಬಲ್ಲ ಆ ಕೇರಿಗಳಿಂದ ಎಂಥ ಹಾಡುಗಾರರು ಬಂದರು ಎಂಬುದನ್ನು ದಾಖಲಿಸುವ ಗೋಜಿಗೆ ವಿಶ್ವವಿದ್ಯಾಲಯಗಳು ಹೆಚ್ಚು ಹೋದಂತಿಲ್ಲ.

ರಾತ್ರಿಗೆ ಮೊದಲ ಪೆಟ್ಟು ಬಿದ್ದದ್ದು ಟಿವಿಯಿಂದ ಎನ್ನುವವರು ಹೆಚ್ಚು. ಆದರೆ ಕಾನೂನನ್ನೂ ಮರೆಯಬಾರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆಂದು ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಪಟ್ಟಣಕ್ಕೆ ಇದು ಬೇಕೇ ಬೇಕು. ಆದರೆ ಊರಿಗೆ ಊರೇ ಎದ್ದು ಕೂತಿರುವ ವರ್ಷದ ಒಂದೇ ಒಂದು ರಾತ್ರಿಗೂ ಅದೇ ಅಳತೆಗೋಲು. ಹತ್ತಕ್ಕೆ ಶುರುವಾಗುವ ಕಲೆಗೆ ಹತ್ತರಿಂದಲೇ ನಿಷೇಧ. ಹೀಗಾಗಿ ಪ್ರತಿ ನಾಟಕವೂ ಠಾಣೆಯ ಮರ್ಜಿಗೆ ಬಿದ್ದಿದೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಗಲು ಹೊತ್ತೇ ಕುರುಕ್ಷೇತ್ರ ಆಡುವ ಪರಿಪಾಠ ಬೆಳೆಯಲು ಇದೂ ಒಂದು ಕಾರಣ. ಅಲ್ಲಿ ಒಳ್ಳೆಯ ಧ್ವನಿ, ಒಳ್ಳೆಯ ಬೆಳಕು, ಒರಗುವ ಕುರ್ಚಿ ಎಲ್ಲವೂ ಇವೆ. ಅಭಿಮನ್ಯು ಸತ್ತ ಹೊತ್ತಿಗೆ ಹೊರಗೆ ಊಟದ ವೇಳೆಯಾಗಿರುತ್ತದೆ ಎಂಬುದೊಂದೇ ಕೊರತೆ, ಅದು ಸಣ್ಣ ಕೊರತೆಯಲ್ಲ. ಇದರ ಮೇಲೆ 2020-21ರ ಕೊರೊನಾ ಜಾತ್ರೆಗಳನ್ನೇ ನಿಲ್ಲಿಸಿ ಸೀನರಿಯವರನ್ನೂ ಕಲಾವಿದೆಯರನ್ನೂ ಬರಿಗೈ ಮಾಡಿತು.

ಇಷ್ಟಾದರೂ ರಾತ್ರಿ ಸತ್ತಿಲ್ಲ. ದ್ವೀಪ ಆರಿಸುವ ಪ್ರವಾಸಿಗೆ ಪಂಚಾಂಗ ಬೇಕಾದಂತೆ ಇಲ್ಲಿಗೆ ಬರುವವರಿಗೂ ಬೇಕು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಹಾಸನದ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತಾರೆ, ದೀಪಾವಳಿಯ ಬಲಿಪಾಡ್ಯಮಿ ಕಳೆದು ಮುಚ್ಚುತ್ತಾರೆ. ಈಗ ಅಲ್ಲಿ ರಾತ್ರಿಯೆಂದರೆ ಸರದಿ ಸಾಲು. ಲಕ್ಷಾಂತರ ಜನ, 300 ಮತ್ತು 1,000 ರೂಪಾಯಿಯ ಟಿಕೆಟ್, ಬಣ್ಣದ ದೀಪ. ನೋಡಬೇಕಾದದ್ದೇ, ಆದರೆ ಅಲ್ಲಿ ಬಂದವರೆಲ್ಲ ಭಕ್ತರು ಮಾತ್ರ, ಯಾರೂ ಪಾತ್ರಧಾರಿಗಳಲ್ಲ. ಮಾರ್ಗಶಿರದ ಷಷ್ಠಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದಲ್ಲಿ, ಸುಬ್ರಹ್ಮಣ್ಯನ ತೇರು. ಅದೇ ಊರಿನಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇರುವುದರಿಂದ ಆ ಹೊತ್ತಿಗೆ ರೈತರ ಕೈಗೆ ಹಣ ಬಂದಿರುತ್ತದೆ, ದನಗಳ ಜಾತ್ರೆಯೂ ಜೊತೆಗಿರುತ್ತದೆ. ಸಂಕ್ರಾಂತಿಯ ಆಸುಪಾಸಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆ. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಟೇಪು ಸುತ್ತಿ, ಶಾಮಿಯಾನದ ಕೆಳಗೆ ಕಟ್ಟಿ, ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗುವ ರೈತರ ರಾತ್ರಿಯನ್ನು ಅಲ್ಲೇ ಕಾಣಬೇಕು. ಫಾಲ್ಗುಣಕ್ಕೆ ಹೊಳೆನರಸೀಪುರದ ಲಕ್ಷ್ಮೀನರಸಿಂಹನ ರಥ. ಅಲ್ಲಿಂದ ಮುಂದೆ ಯುಗಾದಿ ದಾಟಿ ಮಳೆ ಬೀಳುವವರೆಗೆ ಹಳ್ಳಿಹಳ್ಳಿಯ ಹಬ್ಬ, ಹೂವಿನ ಪಲ್ಲಕ್ಕಿ, ಆರ್ಕೆಸ್ಟ್ರಾ, ನಾಟಕ. ಯಾವ ಊರು, ಯಾವ ದಿನ ಎಂಬುದು ಯಾವ ಪುರವಣಿಯಲ್ಲೂ ಇಲ್ಲ. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಕರಪತ್ರದಲ್ಲಿದೆ.

ಆ ಕರಪತ್ರಗಳೇ ಈ ರಂಗದ ಚರಿತ್ರೆಗೆ ಮುಖ್ಯ ಆಕರ, ಅವನ್ನು ಒಂದೆಡೆ ಕೂಡಿಟ್ಟವರಿಲ್ಲ. ಮೇಷ್ಟ್ರುಗಳ ನೋಟ್‌ಬುಕ್ಕುಗಳಲ್ಲಿ ಕೈಬರಹದ ಮಟ್ಟುಗಳಿವೆ. ಯಾವ ಸಾಲಿಗೆ ಯಾವ ರಾಗ, ಯಾವ ನಟನಿಗೆ ಎಷ್ಟು ಕಟ್ಟೆ ಶ್ರುತಿ ಎಂಬ ಗುರುತುಗಳಿವೆ. ಮೇಷ್ಟ್ರು ತೀರಿಕೊಂಡ ಮನೆಯಲ್ಲಿ ಅವು ರದ್ದಿಗೆ ಹೋಗುತ್ತವೆ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ನಾಟಕ ಅಕಾಡೆಮಿ, ಕಾಲೇಜುಗಳ ಕನ್ನಡ ವಿಭಾಗಗಳು ನಾಲ್ಕು ತಾಲ್ಲೂಕಿಗೆ ನಾಲ್ಕು ಜನ ವಿದ್ಯಾರ್ಥಿಗಳನ್ನು ಹಚ್ಚಿದರೂ ಸಾಕು, ನಾಟಕದ ಒಂದು ಹಂಗಾಮಿನೊಳಗೆ ಬದುಕಿರುವ ಮೇಷ್ಟ್ರುಗಳ, ಕಲಾವಿದೆಯರ ಪಟ್ಟಿ ಸಿದ್ಧವಾಗುತ್ತದೆ. ಊರ ಹಬ್ಬದ ಒಂದು ರಾತ್ರಿಯ ನಾಟಕಕ್ಕೆ ಬೆಳಗಿನವರೆಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಕೇಳುವುದು ಎರಡನೇ ಕೆಲಸ. ಅದಕ್ಕೆ ದನಿಯೆತ್ತಬೇಕಾದವರು ಈ ಜಿಲ್ಲೆಯಿಂದ ಆರಿಸಿಹೋದವರು. ಹಳ್ಳಿಯ ನಾಟಕದ ಉದ್ಘಾಟನೆಗೆ ದೀಪ ಹಚ್ಚಲು ಅವರು ಹೇಗೂ ಬಂದೇ ಬರುತ್ತಾರೆ.