ಪಾಠ ಹೇಳಿಕೊಟ್ಟ ತಪ್ಪಿಗೆ ಜೈಲು: ದಕ್ಷಿಣ ಟಿರೋಲಿನ ಗುಪ್ತ ಶಾಲೆಗಳು

"ಭಾಷೆ ಭಾಷೆ ಅಂತ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಮಾಷ್ಟ್ರೇ? ಮಕ್ಕಳು ಯಾವ ಭಾಷೆಯಲ್ಲಿ ಕಲಿತರೇನು?" ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೆಲಸ ಮಾಡುವ ನಮಗೆ ಈ ಪ್ರಶ್ನೆ ಹೊಸತಲ್ಲ. ವಾದ ಮಾಡುವ ಬದಲು ಈ ಸಲ ಒಂದು ಚರಿತ್ರೆಯನ್ನೇ ಹೇಳೋಣ. ನಮ್ಮಿಂದ ಬಹುದೂರದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ನಡೆದದ್ದು. ಆದರೆ ಗಡಿನಾಡಿನವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ.

ಇಟಲಿಯ ಉತ್ತರದ ತುದಿಯಲ್ಲಿ ದಕ್ಷಿಣ ಟಿರೋಲ್ ಎಂಬ ಪ್ರದೇಶವಿದೆ. ಮೊದಲನೆಯ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಅಲ್ಲಿನ ಹತ್ತರಲ್ಲಿ ಸುಮಾರು ಒಂಬತ್ತು ಜನರ ಮಾತು ಜರ್ಮನ್. ಯುದ್ಧದಲ್ಲಿ ಆಸ್ಟ್ರಿಯಾ ಸೋತಿತು. 1919ರ ಸೇಂಟ್ ಜರ್ಮೇನ್ ಒಪ್ಪಂದದಂತೆ ಈ ನಾಡು ಇಟಲಿಯ ಪಾಲಾಯಿತು. 1920ರಲ್ಲಿ ವಿಧಿವತ್ತಾಗಿ ವಿಲೀನವೂ ಆಯಿತು. ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಮನೆ ಅದೇ, ಹೊಲ ಅದೇ, ಇಗರ್ಜಿ ಅದೇ. ಗಡಿ ಮಾತ್ರ ಅವರನ್ನು ದಾಟಿ ಹೋಗಿತ್ತು!

ಮೊದಲ ಕೆಲವು ವರ್ಷ ಶಾಲೆಗಳಿಗೆ ದೊಡ್ಡ ತೊಂದರೆಯಾಗಲಿಲ್ಲ. 1922ರಲ್ಲಿ ಮುಸೊಲಿನಿಯ ಫ್ಯಾಸಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಚಿತ್ರ ಬದಲಾಯಿತು. 1923ರ ಜುಲೈ ತಿಂಗಳಲ್ಲಿ ಎತ್ತೊರೆ ತೊಲೊಮೆಯ್ ಎಂಬ ರಾಜಕಾರಣಿ ಬೋಲ್ಜಾನೊ ಪಟ್ಟಣದ ನಾಟಕಶಾಲೆಯಲ್ಲಿ 32 ಅಂಶಗಳ ಒಂದು ಯೋಜನೆಯನ್ನು ಓದಿ ಹೇಳಿದ. ಊರುಗಳ ಹೆಸರು, ಕಚೇರಿಗಳ ಭಾಷೆ, ನಾಮಫಲಕ, ಶಾಲೆ, ಎಲ್ಲವೂ ಇಟಾಲಿಯನ್ ಆಗಬೇಕೆಂಬುದು ಅದರ ಸಾರ. ಅದೇ ವರ್ಷ ಬಂದ ಜೆಂತಿಲೆ ಶಾಲಾ ಕಾಯಿದೆ ಈ ಕೆಲಸಕ್ಕೆ ಒಳ್ಳೆಯ ಆಯುಧವಾಯಿತು.

ಆ ಕಾಯಿದೆ ನಡೆದ ಬಗೆಯನ್ನು ನಾವು ಗಮನಿಸಬೇಕು. ಎಲ್ಲ ತರಗತಿಗಳಲ್ಲೂ ಒಂದೇ ದಿನ ಜರ್ಮನ್ ನಿಲ್ಲಿಸಲಿಲ್ಲ. ಮೊದಲ ವರ್ಷ ಒಂದನೇ ತರಗತಿಗೆ ಮಾತ್ರ ಇಟಾಲಿಯನ್ ಮಾಧ್ಯಮ. ಮರುವರ್ಷ ಎರಡನೇ ತರಗತಿಗೂ ಅದೇ. ಹೀಗೆ ವರ್ಷಕ್ಕೊಂದು ತರಗತಿ ಮೇಲೇರುತ್ತ ಹೋಗಿ ಜರ್ಮನ್ ಶಾಲೆ ತಾನಾಗಿ ಇಲ್ಲವಾಯಿತು. ದೊಡ್ಡ ಮಕ್ಕಳ ಹೆತ್ತವರಿಗೆ ಆರಂಭದಲ್ಲಿ ಬಿಸಿ ತಟ್ಟಲೇ ಇಲ್ಲ. ಮೊದಲಿಗೆ ಮಾತೃಭಾಷೆಗೆಂದು ಉಳಿಸಿದ್ದ ಕೆಲವು ಹೆಚ್ಚುವರಿ ಪೀರಿಯಡ್‌ಗಳನ್ನೂ ಆಮೇಲೆ ತೆಗೆದರು. ಜರ್ಮನ್ ಅಧ್ಯಾಪಕರಲ್ಲಿ ಅನೇಕರು ಕೆಲಸ ಕಳೆದುಕೊಂಡರು, ಕೆಲವರಿಗೆ ದೂರದ ದಕ್ಷಿಣಕ್ಕೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಇಟಾಲಿಯನ್ ಅಧ್ಯಾಪಕರಿಗೆ ಮಕ್ಕಳ ಮಾತು ಗೊತ್ತಿಲ್ಲ, ಮಕ್ಕಳಿಗೆ ಅವರ ಮಾತು ಗೊತ್ತಿಲ್ಲ. ಆರು ವರ್ಷದ ಮಗು ಬೆಂಚಿನ ಮೇಲೆ ಏನೂ ಅರ್ಥವಾಗದೆ ಕುಳಿತಿರುವುದೆಂದರೆ ಏನೆಂದು ಅಧ್ಯಾಪಕರಾದ ನಮಗೆ ವಿವರಿಸಬೇಕಾಗಿಲ್ಲ.

ಆಗ ಮುಂದೆ ಬಂದವರು ಮಿಖಾಯೆಲ್ ಗಾಂಪರ್ ಎಂಬ ಪಾದ್ರಿ. ಪತ್ರಿಕೆ ನಡೆಸುತ್ತಿದ್ದವರು. 1923ರ ನವೆಂಬರದಲ್ಲಿ ಅವರು ಒಂದು ಲೇಖನ ಬರೆದರು. ರೋಮ್ ಸಾಮ್ರಾಜ್ಯದ ಕಿರುಕುಳದ ಕಾಲದಲ್ಲಿ ಮೊದಲ ಕ್ರೈಸ್ತರು ಮಾಡಿದಂತೆ ನಾವೂ ಮನೆಗಳ ಒಳಗೆ ಆಶ್ರಯ ಪಡೆಯೋಣ, ಮಕ್ಕಳಿಗೆ ಅಲ್ಲೇ ಕಲಿಸೋಣ ಎಂಬುದು ಅದರ ತಾತ್ಪರ್ಯ. ಆ ಕ್ರೈಸ್ತರ ನೆಲದಡಿಯ ಸಮಾಧಿ ಸುರಂಗಗಳಿಗೆ ಕ್ಯಾಟಕೋಂಬ್ ಎಂದು ಹೆಸರು. ಹಾಗಾಗಿ ಈ ಗುಪ್ತ ತರಗತಿಗಳಿಗೂ 'ಕ್ಯಾಟಕೋಂಬ್ ಶಾಲೆ' ಎಂಬ ಹೆಸರೇ ನಿಂತಿತು. ಸಾಲುರ್ನ್ ಊರಿನ ವಕೀಲ ಯೋಸೆಫ್ ನೋಲ್ಡಿನ್ ಅವರ ಜೊತೆ ನಿಂತರು.

ಕಲಿಸುವವರು ಯಾರು? ಹಳೆಯ ಅಧ್ಯಾಪಕರ ಮೇಲೆ ಪೊಲೀಸರ ಕಣ್ಣಿತ್ತು. ಆದ್ದರಿಂದ ಈ ಭಾರ ಹೊತ್ತವರು ಹೆಚ್ಚಾಗಿ ಹಳ್ಳಿಯ ತರುಣಿಯರು. ಹೊಲಿಗೆ ತರಗತಿ, ಅಡುಗೆ ತರಗತಿ ಎಂಬ ನೆಪದಲ್ಲಿ ಅವರಿಗೆ ತರಬೇತಿ ನಡೆಯುತ್ತಿತ್ತು. ಪಾಠ ರೈತರ ಮನೆಯ ಒಳಕೋಣೆಯಲ್ಲೋ, ಅಟ್ಟದಲ್ಲೋ, ಹುಲ್ಲಿನ ಕೊಟ್ಟಿಗೆಯಲ್ಲೋ. ಮಕ್ಕಳು ಗುಂಪಾಗಿ ಬರುವಂತಿಲ್ಲ, ಒಬ್ಬೊಬ್ಬರಾಗಿ ಬರಬೇಕು. ಪುಸ್ತಕಗಳು ಗಡಿಯಾಚೆಯಿಂದ ಕಳ್ಳದಾರಿಯಲ್ಲಿ ಬರುತ್ತಿದ್ದವು. ಸಿಕ್ಕಿಬಿದ್ದರೆ ತಪಾಸಣೆ, ದಂಡ, ಜೈಲು.

ಅವರಲ್ಲಿ ಒಬ್ಬಳು ಆಂಗೆಲಾ ನಿಕೊಲೆಟ್ಟಿ. 1905ರಲ್ಲಿ ಹುಟ್ಟಿದವಳು. ಆಸ್ಟ್ರಿಯಾದಲ್ಲಿ ಅಧ್ಯಾಪಕಿಯ ತರಬೇತಿ ಪಡೆದು ಬಂದರೂ ಊರಿನ ಶಾಲೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಕುರ್ಟಾಚ್ ಎಂಬ ಹಳ್ಳಿಯಲ್ಲಿ ಮಕ್ಕಳಿಗೆ ಗುಟ್ಟಾಗಿ ಓದು ಬರಹ ಕಲಿಸತೊಡಗಿದಳು. 1927ರಲ್ಲಿ ಪೊಲೀಸರು ಅವಳನ್ನು ಹಿಡಿದರು. 30 ದಿನಗಳ ಜೈಲು, ಬಿಡುಗಡೆಯ ನಂತರವೂ ಪೊಲೀಸ್ ನಿಗಾ. ಅವಳ ಆರೋಗ್ಯ ಕೆಟ್ಟಿತು. ಕ್ಷಯರೋಗದಿಂದ 1930ರಲ್ಲಿ ತೀರಿಕೊಂಡಾಗ ಅವಳಿಗೆ ಬರೇ 25 ವರ್ಷ. ಅವಳು ಬಾಂಬು ಇಟ್ಟಿರಲಿಲ್ಲ, ಯಾರ ಮೇಲೂ ಕೈ ಎತ್ತಿರಲಿಲ್ಲ. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದೇ ಅಪರಾಧ!

ವಕೀಲ ನೋಲ್ಡಿನ್‌ಗೆ ಬಂದದ್ದು ಬೇರೆ ಬಗೆಯ ಶಿಕ್ಷೆ. 1926ರ ನವೆಂಬರದಲ್ಲಿ ಫ್ಯಾಸಿಸ್ಟ್ ಸರಕಾರ ಹೊಸ ಪೊಲೀಸ್ ಕಾಯಿದೆ ತಂದಿತ್ತು. ಅದರಂತೆ ಒಬ್ಬನನ್ನು ಗಡಿಪಾರು ಮಾಡಲು ಕೋರ್ಟಿನ ವಿಚಾರಣೆ ಬೇಕಿಲ್ಲ, ಅಪರಾಧ ರುಜುವಾಗಬೇಕಿಲ್ಲ. ಜಿಲ್ಲೆಯ ಒಂದು ಸಮಿತಿ ಇವನು ಅಪಾಯಕಾರಿ ಎಂದರೆ ಸಾಕು, ಐದು ವರ್ಷದವರೆಗೆ ದೂರದ ದ್ವೀಪಕ್ಕೆ ಕಳುಹಿಸಬಹುದು. 1927ರಲ್ಲಿ ನೋಲ್ಡಿನ್ ಅವರನ್ನು ಸಿಸಿಲಿಯ ಬಳಿಯ ಲಿಪಾರಿ ದ್ವೀಪಕ್ಕೆ ಅಟ್ಟಿದರು. 1928ರ ಕೊನೆಯಲ್ಲಿ ಬಿಡುಗಡೆಯಾದರೂ ದೇಹ ಸೋತುಹೋಗಿತ್ತು. 1929ರ ಡಿಸೆಂಬರದಲ್ಲಿ, 41ರ ವಯಸ್ಸಿನಲ್ಲಿ, ಅವರೂ ಹೋದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಒಳ್ಳೆಯವರು, ಕೆಟ್ಟವರು ಎಂದು ಸುಲಭವಾಗಿ ವಿಂಗಡಿಸಿಬಿಡಬಹುದಿತ್ತು. ಚರಿತ್ರೆ ಅಷ್ಟು ಸರಳವಲ್ಲ. 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಟಿರೋಲಿನ ಯುವಕರಲ್ಲಿ ಅನೇಕರು ಅವನನ್ನೇ ರಕ್ಷಕ ಎಂದು ನಂಬಿದರು. ಆದರೆ 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಮಾಡಿದ ಏರ್ಪಾಡು ಹೀಗಿತ್ತು: ಜರ್ಮನ್ ಬೇಕಾದವರು ಊರು ಬಿಟ್ಟು ಜರ್ಮನಿಗೆ ಹೋಗಿ, ಊರು ಬೇಕಾದವರು ಭಾಷೆಯ ಆಸೆ ಬಿಡಿ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಹೋಗುತ್ತೇವೆ ಎಂದು ಬರೆದುಕೊಟ್ಟರು. ಸುಮಾರು 75,000 ಮಂದಿ ಹೋಗಿಯೂ ಹೋದರು. ಉಳಿಯುತ್ತೇವೆ ಎಂದವರನ್ನು ನೆರೆಕರೆಯವರೇ ದ್ರೋಹಿಗಳೆಂದು ಹೀಯಾಳಿಸಿದರು.

ಗಾಂಪರ್ ಪಾದ್ರಿ ಉಳಿಯುವವರ ಪಕ್ಷದಲ್ಲಿದ್ದರು. ಅದೇ ಪಕ್ಷದ ಯೋಸೆಫ್ ಮಾಯರ್ ನುಸ್ಸರ್ ಎಂಬ ತರುಣನನ್ನು 1944ರಲ್ಲಿ ನಾಜಿಗಳ ಎಸ್‌ಎಸ್ ಪಡೆಗೆ ಬಲವಂತವಾಗಿ ಸೇರಿಸಿದಾಗ ಆತ ಹಿಟ್ಲರ್ ಹೆಸರಿನಲ್ಲಿ ಪ್ರತಿಜ್ಞೆ ಮಾಡಲು ಒಪ್ಪಲಿಲ್ಲ. ಬಂಧನವಾಯಿತು. ಡಾಖಾವ್ ಶಿಬಿರಕ್ಕೆ ಸಾಗಿಸುವಾಗ 1945ರ ಫೆಬ್ರವರಿಯಲ್ಲಿ ರೈಲಿನಲ್ಲೇ ಜೀವ ಬಿಟ್ಟ. ಫ್ರೀಡ್ಲ್ ಫೋಲ್ಗರ್ ಎಂಬ ತರುಣ ಪತ್ರಕರ್ತ ಡಾಖಾವ್ ಸೇರಿ, ಬದುಕಿ ಬಂದು, ಮುಂದೆ ಇಟಲಿಯ ಸಂಸತ್ತಿನಲ್ಲಿ ತನ್ನ ಜನರ ಪರವಾಗಿ ಮಾತಾಡಿದ. ತಮ್ಮ ಭಾಷೆಯವರೇ ಅಧಿಕಾರಕ್ಕೆ ಬಂದಾಗಲೂ ಅನ್ಯಾಯಕ್ಕೆ ತಲೆಬಾಗದವರು ಇವರು. ಭಾಷಾಪ್ರೇಮ ಬೇರೆ, ಪರದ್ವೇಷ ಬೇರೆ ಎಂದು ಬದುಕಿ ತೋರಿಸಿದವರು.

ಯುದ್ಧ ಮುಗಿದ ಮೇಲೆ, 1946ರ ಸೆಪ್ಟೆಂಬರದಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಒಪ್ಪಂದ ಮಾಡಿಕೊಂಡವು. ಜರ್ಮನ್ ಶಾಲೆಗಳಿಗೆ ಮನ್ನಣೆ ಸಿಕ್ಕಿತು. ಆದರೂ ಕೊಟ್ಟ ಮಾತು ಪೂರ್ತಿ ಜಾರಿಗೆ ಬರಲು ಮತ್ತೆ ದಶಕಗಳ ಹೋರಾಟ ಬೇಕಾಯಿತು. 1972ರ ಸ್ವಾಯತ್ತತೆಯ ಶಾಸನದ 19ನೇ ವಿಧಿ ಸ್ಪಷ್ಟವಾಗಿದೆ: ಮಗುವಿಗೆ ಮಾತೃಭಾಷೆಯಲ್ಲಿ ಕಲಿಸಬೇಕು, ಕಲಿಸುವ ಅಧ್ಯಾಪಕರ ಮಾತೃಭಾಷೆಯೂ ಅದೇ ಆಗಿರಬೇಕು. ಎರಡನೆಯ ಭಾಷೆಯನ್ನೂ ಮಕ್ಕಳು ಕಲಿಯುತ್ತಾರೆ.

ಇನ್ನು ನಮ್ಮ ಕಡೆ ನೋಡೋಣ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನ ಮಾಡಬೇಕೆಂದು ಅದು ಹೇಳುತ್ತದೆ. ಕಲಿಸುವವರಿಗೆ ಆ ಭಾಷೆ ಬರಬೇಕೆಂದು ಅದು ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ನಮ್ಮ ಮಕ್ಕಳೂ ಹೆತ್ತವರೂ ಶಾಲೆಯ ಮುಂದೆ ಕೂರಬೇಕಾಗಿ ಬಂದದ್ದು.

ನಮ್ಮದನ್ನು ಟಿರೋಲಿನ ಕಷ್ಟಕ್ಕೆ ಸಮ ಎಂದರೆ ಅದು ಅತಿಯಾದೀತು. ಇಲ್ಲಿ ಕನ್ನಡ ಕಲಿಸಿದವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಮಲಯಾಳ ನಮ್ಮ ನೆರೆಮನೆಯ ಭಾಷೆ, ಅದನ್ನು ಕಲಿಯಲು ನಮಗೆ ಬೇಸರವೂ ಇಲ್ಲ. ಹಗಲು ಹೊತ್ತು, ಬಾಗಿಲು ತೆರೆದಿಟ್ಟು, ಸರಕಾರದ ಸಂಬಳದಲ್ಲೇ ನಾವು ಕನ್ನಡ ಕಲಿಸುತ್ತಿದ್ದೇವೆ. ಅಂಥ ಭಾಗ್ಯ ಆಂಗೆಲಾಳಿಗೆ ಇರಲಿಲ್ಲ. ಹಾಗಿರುವಾಗ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸುವ ಹೊತ್ತಿಗೆ ನಾವೇ ಹಿಂಜರಿದರೆ ಹೇಗೆ? ಅಲ್ಲಿ ಜರ್ಮನ್ ಶಾಲೆಯನ್ನು ಒಂದನೇ ತರಗತಿಯಿಂದಲೇ ಅಳಿಸುತ್ತ ಬಂದರು. ಇಲ್ಲಿ ಆ ಕೆಲಸ ನಮ್ಮ ಕೈಯಿಂದಲೇ ಆಗದಿರಲಿ. ಹೆತ್ತವರೇ, ಹಳೆ ವಿದ್ಯಾರ್ಥಿಗಳೇ, ನೀವೇನಂತೀರಿ?